ಆಟಕ್ಕೆ ಮೊದಲು ಊಟವೋ, ಆಟದ ನಂತರವೋ?

ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಚಂದಣ್ಣ ಮತ್ತು ಅವರ ಗೆಳೆಯರು ಸೇರಿ ನಾಟಕ ಮಂಡಳಿಯೊಂದನ್ನು ಕಟ್ಟಿದರು. ಊರದೇವರಾದ ಚನ್ನಬಸವೇಶ್ವರನ ಹೆಸರನ್ನೇ ಅದಕ್ಕೆ ಇಟ್ಟರು. ಮುಂದೆ ನಾಡಿನುದ್ದಕ್ಕೂ ‘ಗುಬ್ಬಿ ಕಂಪನಿ’ ಎಂದು ಹೆಸರಾದದ್ದು ಇದೇ ಮಂಡಳಿ. ಅದೇ 1884ರಲ್ಲಿ ಫ್ರಾನ್ಸಿನಲ್ಲಿ ಅಚ್ಚಾದ ಪುಸ್ತಕವೊಂದರಲ್ಲಿ ‘ಬಿಸ್ತ್ರೋ’ ಎಂಬ ಪದ ಕಾಣಿಸಿಕೊಂಡಿತು. ಆ ಪದದ ಲಿಖಿತ ದಾಖಲೆ ಸಿಗುವುದು ಅಲ್ಲಿಂದಲೇ ಎಂದು ಫ್ರೆಂಚ್ ನಿಘಂಟುಗಳು ಹೇಳುತ್ತವೆ. ಬಿಸ್ತ್ರೋ ಎಂದರೆ ಸಣ್ಣ ಊಟದ ಹೋಟೆಲು.

ಇಸವಿ ಒಂದೇ ಆದದ್ದು ಬರೀ ಕಾಕತಾಳೀಯ. ಗುಬ್ಬಿಯವರಿಗೆ ಬಿಸ್ತ್ರೋ ಗೊತ್ತಿರಲಿಲ್ಲ, ಪ್ಯಾರಿಸ್ಸಿನವರಿಗೆ ಗುಬ್ಬಿ ಗೊತ್ತಿರಲಿಲ್ಲ. ಆದರೆ ಎರಡೂ ಕಡೆಯವರು ಒಂದೇ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿತ್ತು. ನಾಟಕ ನೋಡಲು ಮನೆಯಿಂದ ಹೊರಟವನು ಉಣ್ಣುವುದು ಯಾವಾಗ? ಎಲ್ಲಿ? ಯಾರ ಜೊತೆಯಲ್ಲಿ?

ಇದು ಬರೀ ಹೊಟ್ಟೆಯ ಪ್ರಶ್ನೆ ಎಂದು ತಳ್ಳಿಹಾಕುವಂತಿಲ್ಲ. ನಾಟಕ ಎಷ್ಟು ಗಂಟೆಗೆ ಶುರುವಾಗಬೇಕು, ಎಷ್ಟು ಹೊತ್ತು ನಡೆಯಬೇಕು, ನೋಡಿದವರು ಅದರ ಬಗ್ಗೆ ನಾಲ್ಕು ಮಾತಾಡುತ್ತಾರೋ ಇಲ್ಲವೋ, ಆಡಿದವರು ಅಂದು ರಾತ್ರಿ ಉಂಡು ಮಲಗುತ್ತಾರೋ ಇಲ್ಲವೋ ಎಂಬುದೆಲ್ಲ ಈ ಪ್ರಶ್ನೆಗೆ ಸಿಗುವ ಉತ್ತರವನ್ನೇ ಅವಲಂಬಿಸಿದೆ.

ಬಿಸ್ತ್ರೋ ಎಂದರೆ

ಮೊದಲು ಈ ಬಿಸ್ತ್ರೋ ಏನೆಂದು ನೋಡೋಣ. ಹತ್ತು ಹದಿನೈದು ಮೇಜುಗಳ ಇಕ್ಕಟ್ಟಾದ ಜಾಗ. ಗಲ್ಲಾದ ಮೇಲೆ ಬಹುಪಾಲು ಮಾಲೀಕನೇ ಕೂತಿರುತ್ತಾನೆ, ಇಲ್ಲವೇ ಅವನ ಮನೆಯವರು. ಆ ದಿನ ಏನೇನು ಅಡುಗೆ ಎಂಬುದನ್ನು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ. ನಮ್ಮ ಹೋಟೆಲುಗಳ ‘ಇಂದಿನ ಸ್ಪೆಷಲ್’ ಹಲಗೆಯ ಹಾಗೆ. ಈರುಳ್ಳಿ ಸೂಪು, ಬೇಯಿಸಿದ ಅಥವಾ ಸುಟ್ಟ ಮಾಂಸ, ಕರಿದ ಆಲೂಗೆಡ್ಡೆ, ಬ್ರೆಡ್ಡು, ಒಂದು ಲೋಟ ದ್ರಾಕ್ಷಾರಸ. ದೊಡ್ಡ ರೆಸ್ಟೋರೆಂಟಿನ ಬಿಗುಮಾನ ಇಲ್ಲಿಲ್ಲ. ಒಬ್ಬನೇ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ.

ಈ ಹೆಸರಿನ ಬಗ್ಗೆ ಒಂದು ಕಥೆ ಬಹಳ ಜನಪ್ರಿಯ. 1814ರಲ್ಲಿ ನೆಪೋಲಿಯನ್ ಸೋತು ರಷ್ಯಾದ ಸೈನ್ಯ ಪ್ಯಾರಿಸ್ಸಿಗೆ ನುಗ್ಗಿದಾಗ, ಸೈನಿಕರು ಹೋಟೆಲುಗಳಿಗೆ ಹೋಗಿ ‘ಬಿಸ್ತ್ರೋ, ಬಿಸ್ತ್ರೋ’ ಎಂದು ಕೂಗುತ್ತಿದ್ದರಂತೆ. ರಷ್ಯನ್ ಭಾಷೆಯಲ್ಲಿ ‘ಬೇಗ, ಬೇಗ’ ಎಂದು ಅದರ ಅರ್ಥ. ಮೊಂಮಾರ್ತ್ರ್ ಗುಡ್ಡದ ಹೋಟೆಲೊಂದರ ಗೋಡೆಯ ಮೇಲೆ ಈ ಕಥೆಯನ್ನು ಫಲಕದಲ್ಲಿ ಬರೆದೇ ಹಾಕಿದ್ದಾರೆ. ಭಾಷಾವಿಜ್ಞಾನಿಗಳು ಮಾತ್ರ ಇದನ್ನು ಒಪ್ಪುವುದಿಲ್ಲ. 1814ರಲ್ಲಿ ಹುಟ್ಟಿದ ಪದ 70 ವರ್ಷ ಎಲ್ಲೂ ಬರಹಕ್ಕೆ ಇಳಿಯದೆ ಅಡಗಿ ಕೂತಿತ್ತೆ ಎಂಬುದು ಅವರ ಪ್ರಶ್ನೆ. ಅದೇನೇ ಇರಲಿ, ‘ಬೇಗ’ ಎಂಬ ಅರ್ಥ ಜನರ ಮನಸ್ಸಿನಲ್ಲಿ ಉಳಿದದ್ದಕ್ಕೆ ಕಾರಣವಿದೆ. ನಾಟಕಕ್ಕೆ ಹೊರಟವನಿಗೆ ಬೇಕಾದದ್ದು ಅದೇ. ಮೊದಲೇ ಬೆಂದು ಪಾತ್ರೆಯಲ್ಲಿ ಬಿಸಿಯಾಗಿರುವ ಅಡುಗೆ, ಕೂತ ಕೂಡಲೇ ಬಡಿಸುವ ಕೈ.

ಗಡಿಯಾರ ಸರಿದ ಕಥೆ

ನಾಟಕಕ್ಕೆ ಮೊದಲು ಉಣ್ಣಬೇಕೋ, ನಂತರ ಉಣ್ಣಬೇಕೋ ಎಂಬುದನ್ನು ತೀರ್ಮಾನಿಸಿದ್ದು ರುಚಿಯಲ್ಲ, ಗಡಿಯಾರ. ಹದಿನೇಳನೇ ಶತಮಾನದಲ್ಲಿ ಮೊಲಿಯೇರನ ನಾಟಕಗಳು ಮಧ್ಯಾಹ್ನದ ಹೊತ್ತಿಗೇ ಶುರುವಾಗುತ್ತಿದ್ದವು. ಆಗ ಜನ ಹಗಲಲ್ಲಿ ದೊಡ್ಡ ಊಟ ಮುಗಿಸಿ ನಾಟಕಕ್ಕೆ ಹೋಗುತ್ತಿದ್ದರು, ಬಂದ ಮೇಲೆ ಲಘುವಾಗಿ ಸೂಪು ಕುಡಿದು ಮಲಗುತ್ತಿದ್ದರು. ರಾತ್ರಿಯ ಆ ಊಟಕ್ಕೆ ಫ್ರೆಂಚ್ ಭಾಷೆಯಲ್ಲಿ ‘ಸೂಪೇ’ ಎಂಬ ಹೆಸರು ಬಂದದ್ದೇ ಸೂಪಿನಿಂದ.

ಮುಂದೆ ಪೇಟೆಯ ಕೆಲಸ, ಕಚೇರಿ, ವ್ಯಾಪಾರ ಬೆಳೆದ ಹಾಗೆ ದೊಡ್ಡ ಊಟ ಮಧ್ಯಾಹ್ನದಿಂದ ಸಂಜೆಗೆ ಜಾರಿತು. ಗ್ಯಾಸ್ ದೀಪ, ಆಮೇಲೆ ವಿದ್ಯುತ್ ದೀಪ ಬಂದು ರಾತ್ರಿಯ ಬೀದಿ ಬೆಳಗಿತು. ನಾಟಕವೂ ಹಿಂದಕ್ಕೆ ಸರಿದು ರಾತ್ರಿ ಎಂಟರ ಆಸುಪಾಸಿಗೆ ಬಂದು ನಿಂತಿತು. ಎಂಟಕ್ಕೆ ಪರದೆ ಏಳುವುದಾದರೆ ಆರೂವರೆಗೆ ಚೂರು ತಿಂದು ಹೋಗಬೇಕು, ಇಲ್ಲವೇ ಹತ್ತೂವರೆಗೆ ಹೊರಬಂದು ಹಸಿದ ಹೊಟ್ಟೆಯಲ್ಲಿ ಕೂರಬೇಕು. ಮನೆ ದೂರ, ಅಡುಗೆಮನೆಯ ಒಲೆ ಆರಿರುತ್ತದೆ. ರಂಗಮಂದಿರದ ಅಕ್ಕಪಕ್ಕದ ಸಣ್ಣ ಹೋಟೆಲುಗಳಿಗೆ ಗಿರಾಕಿ ಹುಟ್ಟಿದ್ದು ಈ ಎರಡು ಹೊತ್ತಿನಲ್ಲಿ.

ಪ್ಯಾರಿಸ್ಸಿನ ನಡುವೆ ಲೆಜಾಲ್ ಎಂಬ ದೊಡ್ಡ ಸಗಟು ಮಾರುಕಟ್ಟೆ ಇತ್ತು. 1969ರಲ್ಲಿ ಅದು ಊರಾಚೆಯ ರಂಜಿಸ್‌ಗೆ ಸ್ಥಳಾಂತರವಾಯಿತು. ಅದು ಇದ್ದಷ್ಟು ಕಾಲ ಅದರ ಸುತ್ತಲಿನ ಹೋಟೆಲುಗಳು ರಾತ್ರಿಯೆಲ್ಲ ತೆರೆದಿರುತ್ತಿದ್ದವು. ಮೂಟೆ ಹೊರುವ ಹಮಾಲಿಗಳಿಗೂ ನಾಟಕ ಮುಗಿಸಿ ಬಂದ ಸಿರಿವಂತರಿಗೂ ಅಲ್ಲಿ ಸಿಗುತ್ತಿದ್ದದ್ದು ಒಂದೇ ಈರುಳ್ಳಿ ಸೂಪು. ಇಬ್ಬರ ಹಸಿವೂ ಒಂದೇ ಹೊತ್ತಿನದಾದ್ದರಿಂದ ಒಂದೇ ಸೂರಿನಡಿ ಕೂತರು.

ಉಂಡು ಹೊರಡುವ ಊರು

ಈಗ ಗುಬ್ಬಿಗೆ ಬರೋಣ. ಗುಬ್ಬಿ ಅಡಿಕೆ ವ್ಯಾಪಾರಕ್ಕೆ ಹೆಸರಾದ ಪೇಟೆ. ಸಂತೆ, ಜಾತ್ರೆ, ಗಾಡಿಗಳ ಓಡಾಟ ಇದ್ದ ಊರು. ನಾಲ್ಕು ಕಡೆಯ ಜನ ಸೇರುವ ಇಂಥ ಊರಿನಲ್ಲಿ ನಾಟಕ ಮಂಡಳಿ ಹುಟ್ಟಿದ್ದು ಆಶ್ಚರ್ಯವಲ್ಲ. ಆದರೆ ಇಲ್ಲಿನ ಪ್ರೇಕ್ಷಕ ಪ್ಯಾರಿಸ್ಸಿನ ಕಚೇರಿ ನೌಕರನಲ್ಲ. ಹೊಲದಿಂದ ಬಂದು, ದನ ಕಟ್ಟಿ, ಹಾಲು ಕರೆದು, ಮುದ್ದೆ ಸಾರು ಉಂಡು, ಎಲೆಅಡಿಕೆ ಹಾಕಿಕೊಂಡು, ಕಂಬಳಿ ಹೊದ್ದು ಹೊರಡುವವನು. ಅಷ್ಟೆಲ್ಲ ಮುಗಿಯುವಾಗ ರಾತ್ರಿ ಎಂಟು ದಾಟಿರುತ್ತಿತ್ತು. ಹಾಗಾಗಿ ಕಂಪನಿ ನಾಟಕ ಶುರುವಾಗುತ್ತಿದ್ದದ್ದು ರಾತ್ರಿ ಒಂಬತ್ತು, ಒಂಬತ್ತೂವರೆಗೆ.

ಮುಗಿಯುವುದು? ಅದಕ್ಕೂ ಒಂದು ಲೆಕ್ಕವಿತ್ತು. ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಹೆಂಗಸರು ಮಕ್ಕಳ ಸಮೇತ ಬಂದವರನ್ನು ನಡುರಾತ್ರಿ ಹನ್ನೆರಡಕ್ಕೆ ಕತ್ತಲೆಯ ದಾರಿಗೆ ಬಿಡುವುದು ಹೇಗೆ? ಆದ್ದರಿಂದ ನಾಟಕ ನಾಲ್ಕೈದು ಗಂಟೆ ನಡೆಯುತ್ತಿತ್ತು. ಹಾಡಿಗೆ ‘ಒನ್ಸ್ ಮೋರ್’ ಬಿದ್ದ ದಿನ ಇನ್ನೂ ತಡ. ಇದೇ ಸೀಮೆಯ ಮೂಡಲಪಾಯ ಯಕ್ಷಗಾನವಂತೂ ಬೆಳಗಾಗುವವರೆಗೆ ನಡೆಯುವ ಆಟ. ಕೋಳಿ ಕೂಗುವ ಹೊತ್ತಿಗೆ ಮಂಗಳ ಹಾಡಿದರೆ ಜನ ನೇರ ಮನೆಗೆ ಹೋಗಿ ಸಗಣಿ ಬಾಚಿ, ಹಾಲು ಕರೆಯಬಹುದು. ನಾಟಕ ಉದ್ದವಾಗಿದ್ದದ್ದು ಕವಿಗಳಿಗೆ ಚಿಕ್ಕದಾಗಿ ಬರೆಯಲು ಬಾರದೆ ಅಲ್ಲ. ಎರಡು ಊಟಗಳ ನಡುವಿನ ಇಡೀ ರಾತ್ರಿಯನ್ನು ತುಂಬುವ ಕೆಲಸ ಅದರದಾಗಿತ್ತು.

ಇಷ್ಟು ಹೊತ್ತು ಕೂರುವವರಿಗೆ ನಡುವೆ ಬಾಯಾಡಿಸಲು ಏನಾದರೂ ಬೇಕೇ ಬೇಕು. ಇಂಟರ್‌ವಲ್ ಬಂತೆಂದರೆ ಗೋಲಿ ಸೋಡಾದ ಸಿಳ್ಳೆ, ಹುರಿದ ಕಡಲೆಕಾಯಿ, ಚಕ್ಕುಲಿ, ಕೊಬ್ಬರಿ ಮಿಠಾಯಿ, ಪುರಿ ಖಾರ, ಬಿಸಿ ಕಾಫಿ. ತಗಡಿನ ಥಿಯೇಟರಿನ ಬಾಗಿಲಲ್ಲಿ ಗ್ಯಾಸ್‌ಲೈಟು ಹಚ್ಚಿಕೊಂಡ ನಾಲ್ಕು ಅಂಗಡಿಗಳು. ಇವೇ ನಮ್ಮ ಬಿಸ್ತ್ರೋ ಎನ್ನಬೇಕು. ವ್ಯತ್ಯಾಸ ಇಷ್ಟೇ: ಅಲ್ಲಿ ನಾಟಕದ ಮೊದಲು ಅಥವಾ ನಂತರ ಉಣ್ಣುತ್ತಾರೆ, ಇಲ್ಲಿ ನಾಟಕದ ಒಳಗೇ ತಿಂಡಿ ಇತ್ತು. ಮಾತುಕತೆಯೂ ಅಲ್ಲೇ ಮುಗಿಯುತ್ತಿತ್ತು. ‘ಕಳ್ಳನ ಪಾರ್ಟು ಚೆನ್ನಾಗಿ ಮಾಡ್ದ ಕಣಯ್ಯ’ ಎಂಬ ತೀರ್ಪು ಸೋಡಾ ಅಂಗಡಿಯ ಮುಂದೆಯೇ ಹೊರಬೀಳುತ್ತಿತ್ತು. ಗುಬ್ಬಿ ವೀರಣ್ಣನವರ ಹೆಸರು ಮನೆಮಾತಾದದ್ದೇ ‘ಸದಾರಮೆ’ಯ ಕಳ್ಳನ ಪಾತ್ರದಿಂದ ಎಂಬುದನ್ನು ಇಲ್ಲಿ ನೆನೆಯಬಹುದು.

ಕಂಪನಿಯ ಒಲೆ

ಪ್ರೇಕ್ಷಕರು ಮನೆಯಲ್ಲಿ ಉಂಡು ಬರುತ್ತಿದ್ದರು ಸರಿ. ಆಡುವವರು? ಇಲ್ಲಿ ಕಥೆ ಸ್ವಲ್ಪ ಗಂಭೀರವಾಗುತ್ತದೆ.

ವೃತ್ತಿ ಕಂಪನಿಗಳಲ್ಲಿ ಸಂಬಳದ ಜೊತೆಗೆ ಊಟ, ವಸತಿ ಮಾಲೀಕರದೇ. ಒಂದು ಊರಿನಲ್ಲಿ ಕ್ಯಾಂಪ್ ಹಾಕಿದರೆ ಮೊದಲು ಹುಡುಕುತ್ತಿದ್ದದ್ದು ಥಿಯೇಟರಿಗೆ ಬಯಲು ಮತ್ತು ‘ಕಂಪನಿ ಮನೆ’ಗೆ ಒಂದು ದೊಡ್ಡ ಮನೆ. ನಟರು, ಹಾರ್ಮೋನಿಯಂನವರು, ತಬಲದವರು, ಪರದೆ ಎಳೆಯುವವರು, ಬಣ್ಣದವರು, ಗೇಟು ಕಾಯುವವರು, ಅವರ ಹೆಂಡತಿ ಮಕ್ಕಳು, ಎಲ್ಲರಿಗೂ ಒಂದೇ ಒಲೆ. 1917ರಲ್ಲಿ ವೀರಣ್ಣನವರು ಕಂಪನಿಯ ಒಡೆತನ ವಹಿಸಿಕೊಂಡ ಮೇಲೆ ಅದು ದಿನೇದಿನೇ ಬೆಳೆಯಿತು. ಮಕ್ಕಳದೇ ಬೇರೆ ತಂಡ ಬಂತು. ಬಿ. ಜಯಮ್ಮನವರಂಥ ನಟಿಯರು ಬಂದರು. ತುಮಕೂರು ಸಮೀಪದ ಬೆಳ್ಳಾವೆಯ ನರಹರಿಶಾಸ್ತ್ರಿಗಳು ಕಂಪನಿಗೆ ನಾಟಕ ಬರೆದುಕೊಟ್ಟರು. 1934ರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗದ ಮೇಲೆ ನಡೆದುಬಂದವು. ರಥ, ಆನೆ, ಕುದುರೆಗಳನ್ನು ನೋಡಿ ಜನ ಬೆರಗಾದರು. ಅದೇ ಹೊತ್ತಿಗೆ ಲೆಕ್ಕ ಬರೆಯುವ ಗುಮಾಸ್ತನ ಪುಸ್ತಕದಲ್ಲಿ ಮನುಷ್ಯರ ಅಕ್ಕಿ ರಾಗಿಯ ಕೆಳಗೆ ಹುಲ್ಲು ಹುರುಳಿಯ ಬಾಬತ್ತೂ ಸೇರಬೇಕಲ್ಲವೆ!

ನಟರ ಊಟದ ಕ್ರಮವೇ ಬೇರೆ. ಆಗ ನಟ ಎಂದರೆ ಗಾಯಕನೂ ಹೌದು. ಮೈಕು ಬರುವುದಕ್ಕೆ ಮುಂಚೆ ಕೊನೆಯ ಸಾಲಿನ ನಾಲ್ಕಾಣೆ ಟಿಕೆಟಿನವನಿಗೂ ಕಂದಪದ್ಯ ಕೇಳಿಸಬೇಕು. ಹೊಟ್ಟೆ ಬಿಗಿಯಾಗಿದ್ದರೆ ಉಸಿರು ನಿಲ್ಲುವುದಿಲ್ಲ. ಆದ್ದರಿಂದ ಬಣ್ಣ ಹಚ್ಚುವ ಮೊದಲು ಮಿತವಾದ ಊಟ, ಬಣ್ಣ ಅಳಿಸಿದ ಮೇಲೆ ಹೊಟ್ಟೆ ತುಂಬ. ರಾತ್ರಿ ಎರಡೋ ಮೂರೋ ಗಂಟೆಗೆ ಕೊಬ್ಬರಿ ಎಣ್ಣೆಯಲ್ಲಿ ಮುಖ ಒರೆಸಿಕೊಂಡು ದುರ್ಯೋಧನನೂ ಭೀಮನೂ ಒಟ್ಟಿಗೆ ಕೂತು ಉಣ್ಣುವ ಹೊತ್ತು ಅದು. ಆ ದಿನ ಯಾರು ಪದ ಮರೆತರು, ಯಾರು ತಾಳ ತಪ್ಪಿದರು, ಯಾವ ಹಾಡಿಗೆ ಚಪ್ಪಾಳೆ ಬಿತ್ತು ಎಂಬ ವಿಮರ್ಶೆಯೆಲ್ಲ ಅಲ್ಲೇ. ಪ್ಯಾರಿಸ್ಸಿನಲ್ಲಿ ನಾಟಕದ ನಂತರದ ಊಟ ಪ್ರೇಕ್ಷಕರದಾದರೆ ನಮ್ಮಲ್ಲಿ ಅದು ನಟರದು.

ಈ ಒಲೆಯ ಬೆಂಕಿಗೆ ಎಷ್ಟೋ ಮಕ್ಕಳು ಬಂದು ಸೇರಿದರು. ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಹುಡುಗ ಬಿ.ವಿ. ಕಾರಂತರು ಗುಬ್ಬಿ ಕಂಪನಿಯಲ್ಲೇ ರಂಗಭೂಮಿಯ ಅಕ್ಷರ ಕಲಿತದ್ದು. ಮುಂದೆ ಅವರನ್ನು ಬನಾರಸ್ಸಿಗೆ ಓದಲು ಕಳಿಸಿದವರೂ ವೀರಣ್ಣನವರೇ. ಜಿ.ವಿ. ಅಯ್ಯರ್ ಎಂಟು ವರ್ಷದ ಹುಡುಗನಾಗಿ ಬಂದು ಸೇರಿದವರು. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯ ಈ ಕಂಪನಿಯ ಹೆಸರಾಂತ ನಟ, ಮಗನೂ ಅದೇ ದಾರಿಯಲ್ಲಿ ಬಂದರು. ಕಲೆಯ ಹುಚ್ಚು ಇದ್ದದ್ದು ನಿಜ. ಆದರೆ ಬಡತನದ ಆ ಕಾಲದಲ್ಲಿ ಎರಡು ಹೊತ್ತು ಊಟ ಖಾತ್ರಿ ಇರುವ ಜಾಗ ಎಂಬುದೂ ಅಷ್ಟೇ ನಿಜ.

ಇದೇ ಒಲೆ ಕಂಪನಿಗಳಿಗೆ ಭಾರವೂ ಆಯಿತು. ಆಟ ಇದ್ದ ದಿನ ಗಲ್ಲಾ ತುಂಬುತ್ತದೆ. ಮಳೆ ಹಿಡಿದು ಒಂದು ವಾರ ಥಿಯೇಟರ್ ತೆರೆಯದಿದ್ದರೆ ದುಡ್ಡು ಬರುವುದಿಲ್ಲ, ಆದರೆ ಒಲೆ ಆರಿಸುವಂತಿಲ್ಲ. ದಿನಸಿ ಅಂಗಡಿಯವನು ಸಾಲ ಕೊಟ್ಟಷ್ಟು ದಿನ ಕಂಪನಿ ಉಳಿಯುತ್ತದೆ. ಮುಂದಿನ ಊರಿಗೆ ಹೊರಡಬೇಕಾದರೆ ಮೊದಲು ಆ ಸಾಲ ತೀರಿಸಬೇಕು. ಎಷ್ಟೋ ಸಣ್ಣ ಕಂಪನಿಗಳು ನೆಲಕಚ್ಚಿದ್ದು ನಾಟಕ ಕೆಟ್ಟದಾಗಿತ್ತೆಂದಲ್ಲ, ಮಳೆಗಾಲದ ಊಟದ ಲೆಕ್ಕ ತೂಗಲಿಲ್ಲವೆಂದು. ಟಿಕೆಟಿನ ಪ್ರತಿ ಅಣೆಯ ಹಿಂದೆ ಒಂದು ತುತ್ತಿನ ಲೆಕ್ಕ ಇರುತ್ತಿತ್ತು.

ಯಾರ ಪಕ್ಕದಲ್ಲಿ ಯಾರು

ಇನ್ನೊಂದು ಸಂಗತಿಯನ್ನು ಬಿಡುವಂತಿಲ್ಲ. ಹೊರಗೆ ಉಣ್ಣುವುದು, ಅದರಲ್ಲೂ ಗುರುತಿಲ್ಲದವರ ಪಕ್ಕದಲ್ಲಿ ಕೂತು ಉಣ್ಣುವುದು ನಮ್ಮ ಸಮಾಜದಲ್ಲಿ ಸುಲಭದ ಮಾತಾಗಿರಲಿಲ್ಲ. ಇಂದು ಎಂಟಿಆರ್ ಎಂದು ಎಲ್ಲರಿಗೂ ಗೊತ್ತಿರುವ ಬೆಂಗಳೂರಿನ ಹೋಟೆಲು 1924ರಲ್ಲಿ ಶುರುವಾದಾಗ ಅದರ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಹಳೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಂದು ಕಡೆ, ಉಳಿದವರಿಗೆ ಇನ್ನೊಂದು ಕಡೆ ಎಂಬ ಏರ್ಪಾಡು ಸಾಮಾನ್ಯವಾಗಿತ್ತು. ದಲಿತರಿಗೆ ಬಾಗಿಲ ಹೊರಗೆ ಬೇರೆ ಲೋಟ. ಹೊಟ್ಟೆ ಒಂದೇ ಆದರೂ ಪಂಕ್ತಿ ಬೇರೆ.

ನಾಟಕದ ಥಿಯೇಟರಿನಲ್ಲಿ ವಿಂಗಡಣೆ ಇರಲಿಲ್ಲವೆಂದಲ್ಲ. ಹೆಂಗಸರಿಗೆ ಬೇರೆ ಜಾಗ, ಮುಂದೆ ಆರಾಮಕುರ್ಚಿ, ಹಿಂದೆ ಬೆಂಚು, ನೆಲ. ಆದರೆ ಅಲ್ಲಿನ ವಿಂಗಡಣೆ ಕೊಟ್ಟ ಕಾಸಿನದು. ನೆಲದ ಟಿಕೆಟು ಕೊಂಡವನ ಪಕ್ಕ ಯಾರು ಬೇಕಾದರೂ ಬಂದು ಕೂರಬಹುದಾಗಿತ್ತು. ಟಿಕೆಟು ಕೊಡುವವನಿಗೆ ಜಾತಿ ಕೇಳುವ ಪುರುಸೊತ್ತು ಇರಲಿಲ್ಲ. ಸೋಡಾ ಮಾರುವವನಿಗೂ ಅಷ್ಟೆ. ಇಂಟರ್‌ವಲ್ಲಿನ ಕಾಲುಗಂಟೆಯಲ್ಲಿ ಒಂದೇ ಅಂಗಡಿಯ ಮುಂದೆ ನಿಂತು ಒಂದೇ ಕಡಲೆಕಾಯಿ ತಿಂದದ್ದು ಸಣ್ಣ ಸಂಗತಿ. ಆದರೆ ಪಂಕ್ತಿಭೋಜನದ ಕಟ್ಟುಪಾಡು ಬಿಗಿಯಾಗಿದ್ದ ಕಾಲದಲ್ಲಿ ಅಷ್ಟು ಸಣ್ಣ ಸಂಗತಿಯೂ ಸಿಗುವ ಜಾಗಗಳು ಕಡಿಮೆ ಇದ್ದವು.

ಪ್ಯಾರಿಸ್ಸಿನ ಹಮಾಲಿ ಮತ್ತು ಸಿರಿವಂತ ಒಂದೇ ಸೂಪು ಕುಡಿದದ್ದಕ್ಕೆ ಇದನ್ನು ಹೋಲಿಸಬಹುದು. ಎರಡೂ ಕಡೆ ಜನರನ್ನು ಹತ್ತಿರ ತಂದದ್ದು ಉಪದೇಶವಲ್ಲ. ಅಪರಾತ್ರಿಯ ಹಸಿವು, ಮತ್ತು ತೆರೆದಿದ್ದ ಒಂದು ಅಂಗಡಿ.

ಬುಟ್ಟಿಯಲ್ಲಿ ಬಂದ ಊಟ

ಬಿಸ್ತ್ರೋಗೆ ಹತ್ತಿರದ ನಮ್ಮ ಉದಾಹರಣೆ ಬೇಕೆಂದರೆ ಉತ್ತರ ಕರ್ನಾಟಕದ ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಬೇಕು. ಬನದ ಹುಣ್ಣಿಮೆಗೆ ಶುರುವಾಗುವ ಈ ಜಾತ್ರೆಯಲ್ಲಿ ನಾಟಕ ಕಂಪನಿಗಳು ಸಾಲುಸಾಲಾಗಿ ಥಿಯೇಟರ್ ಹಾಕುತ್ತವೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಪ್ರದರ್ಶನ. ವರ್ಷದ ಸಾಲ ತೀರಿಸಿಕೊಳ್ಳಲು ಕಂಪನಿಗಳು ಕಾಯುವ ಕಾಲ ಅದು. ಬನಶಂಕರಿ ಗುಡಿಯ ಬಳಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕಾಳಿನ ಪಲ್ಯ, ಕೆಂಪು ಚಟ್ನಿ, ಗಡಿಗೆಯಲ್ಲಿ ಗಟ್ಟಿ ಮೊಸರು. ಮರದ ನೆರಳಲ್ಲಿ ಕೂರಿಸಿ ಬಡಿಸುತ್ತಾರೆ. ಮೇಜಿಲ್ಲ, ಕರಿಹಲಗೆಯಿಲ್ಲ. ಆದರೆ ಅಡುಗೆ ಮಾಡಿದವರೇ ಬಡಿಸುವುದು, ಆ ದಿನದ್ದು ಆ ದಿನವೇ ಮುಗಿಯುವುದು, ಕೂತ ಕೂಡಲೇ ಊಟ ಸಿಗುವುದು, ಇವೆಲ್ಲ ಬಿಸ್ತ್ರೋದ ಗುಣಗಳೇ.

ನಮ್ಮ ತುಮಕೂರು ಸೀಮೆಯಲ್ಲಿ ಈ ಕೆಲಸವನ್ನು ಮಾಡುತ್ತ ಬಂದಿರುವುದು ದಾಸೋಹ ಮತ್ತು ನೆಂಟಸ್ತಿಕೆ. ಸಿದ್ಧಗಂಗೆಯ ಜಾತ್ರೆಗೆ ಬಂದವರಿಗೆ ಊಟದ ಚಿಂತೆ ಇಲ್ಲ. ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಊರವರೇ ಸೇರಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸುತ್ತಾರೆ. ಪಾತ್ರ ಕಟ್ಟುವವರೇ ಕೈಯಿಂದ ದುಡ್ಡು ಹಾಕುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ನಾಟಕದ ದಿನ ಪಾತ್ರಧಾರಿಯ ಮನೆಗೆ ಬೀಗರು, ಅಕ್ಕತಂಗಿಯರು, ಭಾವಮೈದುನರು ಮಧ್ಯಾಹ್ನಕ್ಕೇ ಬಂದಿಳಿಯುತ್ತಾರೆ. ಅವರಿಗೆಲ್ಲ ರಾತ್ರಿ ಊಟ ಬಡಿಸಿ, ಆಮೇಲೆ ಅವನು ಬಣ್ಣಕ್ಕೆ ಕೂರುತ್ತಾನೆ. ನೆಂಟರು ವೇದಿಕೆಗೆ ಹತ್ತಿ ಹಾರ ಹಾಕಿ ಮುಯ್ಯಿ ಮಾಡುತ್ತಾರೆ. ಇಲ್ಲಿ ಊಟಕ್ಕೆ ಬಿಲ್ಲಿಲ್ಲ. ಮುಂದಿನ ವರ್ಷ ಅವರ ಊರಿನ ನಾಟಕಕ್ಕೆ ಇವನು ಹೋಗಿ ಉಂಡು, ಹಾರ ಹಾಕಿ ಬರಬೇಕು ಅಷ್ಟೆ.

ಎರಡು ಗಂಟೆಯ ನಾಟಕ

ಈ ಲೆಕ್ಕ ಮೊದಲು ತಪ್ಪಿಸಿದ್ದು ಸಿನಿಮಾ. ಎರಡೂವರೆ ಗಂಟೆಯಲ್ಲಿ ಎಲ್ಲ ಮುಗಿಯುತ್ತದೆ. ‘ಫಸ್ಟ್ ಷೋ ನೋಡಿ ಬಂದು ಉಣ್ಣು, ಸೆಕೆಂಡ್ ಷೋಗಾದರೆ ಉಂಡು ಹೋಗು’ ಎಂಬ ಹೊಸ ಕ್ರಮ ಮನೆಮನೆಯಲ್ಲೂ ಬಂತು. ಬೆಂಗಳೂರಿನಲ್ಲಿ 1963ರಲ್ಲಿ ರವೀಂದ್ರ ಕಲಾಕ್ಷೇತ್ರ ಆಯಿತು. ಎಪ್ಪತ್ತರ ದಶಕದಲ್ಲಿ ಬೆನಕ, ನಟರಂಗ, ಸಮುದಾಯ ಮುಂತಾದ ಹವ್ಯಾಸಿ ತಂಡಗಳು ಬಂದವು. ಕಚೇರಿ ಮುಗಿಸಿ ಬರುವವರಿಗಾಗಿ ನಾಟಕ ಸಂಜೆ ಆರೂವರೆ, ಏಳಕ್ಕೆ ಸರಿಯಿತು. ಎರಡು ಗಂಟೆಗೆ ಇಳಿಯಿತು. ಕೊನೆಯ ಸಿಟಿ ಬಸ್ಸು ಹಿಡಿಯಬೇಕಲ್ಲ!

ಹೀಗೆ ನಾಟಕ ಚಿಕ್ಕದಾದಾಗ ಊಟ ಅದರಿಂದ ಹೊರಗೆ ಬಿತ್ತು. ಸಂಜೆ ಆರಕ್ಕೆ ಉಣ್ಣಲು ಹಸಿವಿಲ್ಲ. ಒಂಬತ್ತಕ್ಕೆ ಹಸಿವಿದೆ, ಆದರೆ ಎಲ್ಲರಿಗೂ ಮನೆ ಸೇರುವ ಧಾವಂತ. ನಾಟಕ ನೋಡಿದ ಬಿಸಿ ಆರುವ ಮೊದಲೇ ಸ್ಕೂಟರು ಸ್ಟಾರ್ಟ್ ಆಗುತ್ತದೆ. ಚಪ್ಪಾಳೆ ತಟ್ಟಿದವನಿಗೂ ಆಡಿದವನಿಗೂ ಮಾತೇ ನಡೆಯುವುದಿಲ್ಲ.

ಈ ಕೊರತೆಯನ್ನು ಮೊದಲೇ ಮನಗಂಡವರು 2004ರಲ್ಲಿ ಬೆಂಗಳೂರಿನ ಜೆ.ಪಿ. ನಗರದಲ್ಲಿ ಶಂಕರ್‌ನಾಗ್ ನೆನಪಿಗೆ ರಂಗಶಂಕರ ಕಟ್ಟಿದವರು. ಅಲ್ಲಿ ರಾತ್ರಿಯ ಪ್ರದರ್ಶನ ಏಳೂವರೆಗೆ. ತಡವಾಗಿ ಬಂದವರಿಗೆ ಪ್ರವೇಶವಿಲ್ಲ, ಒಳಗೆ ತಿಂಡಿ ಒಯ್ಯುವಂತಿಲ್ಲ. ಇಷ್ಟು ಕಟ್ಟುನಿಟ್ಟಾದ ಜಾಗದಲ್ಲಿ ಕಟ್ಟಡದ ಜೊತೆಗೇ ಒಂದು ಕೆಫೆಗೆ ಜಾಗ ಇಟ್ಟಿದ್ದಾರೆ. ಅಲ್ಲಿನ ಸಾಬುದಾನಿ ವಡೆ, ಅಕ್ಕಿರೊಟ್ಟಿಗೆ ನಾಟಕದಷ್ಟೇ ಹೆಸರಿದೆ. ಬಾಗಿಲು ಕಟ್ಟುನಿಟ್ಟಾಗಿ ಮುಚ್ಚುತ್ತದೆ ಎಂದು ಜನ ಬೇಗ ಬರುತ್ತಾರೆ. ಬೇಗ ಬಂದವರು ತಿನ್ನುತ್ತ ಕೂರುತ್ತಾರೆ. ಕೂತವರ ನಡುವೆ ಮಾತು ಹುಟ್ಟುತ್ತದೆ. ಮೈಸೂರಿನ ರಂಗಾಯಣದ ‘ಬಹುರೂಪಿ’ ಉತ್ಸವದಲ್ಲೂ ನಾಟಕದಿಂದ ನಾಟಕಕ್ಕೆ ಓಡುವ ಜನ ಆಹಾರದ ಮಳಿಗೆಗಳ ಮುಂದೆಯೇ ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸುವುದು.

ಗುಬ್ಬಿಗೆ ಬೇಕಾದದ್ದು

ವೀರಣ್ಣನವರು 1972ರಲ್ಲಿ ತೀರಿಕೊಂಡರು. ಪದ್ಮಶ್ರೀ ಗೌರವ ಬಂದದ್ದೂ ಅದೇ ವರ್ಷ. ಅವರ ಹೆಸರಿನ ಪ್ರಶಸ್ತಿಯನ್ನು ರಾಜ್ಯ ಸರ್ಕಾರ ರಂಗಭೂಮಿಯ ಸಾಧಕರಿಗೆ ಕೊಡುತ್ತದೆ. ತುಮಕೂರಿನಲ್ಲಿ ಅಮಾನಿಕೆರೆಯ ಬಳಿ ಅವರ ಹೆಸರಿನ ಕಲಾಕ್ಷೇತ್ರವಿದೆ. ಗುಬ್ಬಿಯಲ್ಲೂ ಅವರ ಹೆಸರಿನ ರಂಗಮಂದಿರವಿದೆ, ನಾಟಕೋತ್ಸವಗಳು ನಡೆಯುತ್ತವೆ. ಹೆಸರಿಗೆ, ಕಟ್ಟಡಕ್ಕೆ ಕೊರತೆಯಿಲ್ಲ.

ಆದರೆ ತಾಲ್ಲೂಕು ಕೇಂದ್ರದಲ್ಲಿ ನಾಟಕ ಮುಗಿಯುವ ಹೊತ್ತಿಗೆ ಬಿ.ಎಚ್. ರಸ್ತೆಯ ಹೋಟೆಲಿನವರು ಕುರ್ಚಿ ಮೇಲೆತ್ತಿ ನೆಲ ತೊಳೆಯುತ್ತಿರುತ್ತಾರೆ. ಹಳ್ಳಿಯಿಂದ ಬಂದವನು ಬಸ್ಸಿನ ಯೋಚನೆಯಲ್ಲಿ ಕೊನೆಯ ದೃಶ್ಯಕ್ಕೆ ಮೊದಲೇ ಎದ್ದು ಹೊರಡುತ್ತಾನೆ. ಹೆಂಗಸರು ‘ಅಡುಗೆ ಯಾರು ಮಾಡ್ತಾರೆ’ ಎಂದು ಮನೆಯಲ್ಲೇ ಉಳಿಯುತ್ತಾರೆ. ಸಂಜೆಯ ನಾಟಕಕ್ಕೆ ಹೆಂಗಸರ ಸಂಖ್ಯೆ ಏಕೆ ಕಡಿಮೆ ಎಂದು ಕೇಳುವ ಸಂಘಟಕರು ಈ ಒಂದು ಮಾತನ್ನು ಗಮನಿಸಬೇಕು. ರಾತ್ರಿ ಒಂಬತ್ತೂವರೆಯ ಕಂಪನಿ ನಾಟಕಕ್ಕೆ ಅವರು ಅಡುಗೆ ಮುಗಿಸಿ, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು ಬರಬಹುದಾಗಿತ್ತು. ಸಂಜೆ ಆರೂವರೆಯ ನಾಟಕ ನಡೆಯುವುದು ಸರಿಯಾಗಿ ಅವರು ಒಲೆಯ ಮುಂದೆ ಇರಬೇಕಾದ ಹೊತ್ತಿನಲ್ಲಿ.

ಇದಕ್ಕೆ ಪ್ಯಾರಿಸ್ಸಿನ ಬಿಸ್ತ್ರೋ ತಂದು ಗುಬ್ಬಿಯಲ್ಲಿ ಇಡಬೇಕಾಗ��ಲ್ಲ. ನಾಟಕೋತ್ಸವದ ಐದು ದಿನ ಊರಿನ ಸ್ತ್ರೀಶಕ್ತಿ ಸಂಘದವರಿಗೋ ಒಬ್ಬ ಹೋಟೆಲಿನವರಿಗೋ ಹೇಳಿ, ರಂಗಮಂದಿರದ ಅಂಗಳದಲ್ಲೇ ಮುದ್ದೆ, ಹೆಸರುಕಾಳಿನ ಸಾರು, ಅನ್ನ, ಮಜ್ಜಿಗೆಯ ಬಿಸಿ ಊಟವನ್ನು ಗಿಟ್ಟುವ ಬೆಲೆಗೆ ಇಡಿಸಬಹುದು. ಟಿಕೆಟಿನ ಜೊತೆಗೇ ಊಟದ ಕೂಪನ್ ಕೊಟ್ಟರೆ ಎಷ್ಟು ಜನಕ್ಕೆ ಅಡುಗೆ ಎಂಬುದು ಮೊದಲೇ ತಿಳಿಯುತ್ತದೆ, ಅನ್ನ ದಂಡವಾಗುವುದಿಲ್ಲ. ಆಡಿದವರಿಗೂ ಅಲ್ಲೇ ಬಡಿಸಿದರೆ ನೋಡಿದವರ ಮಾತು ಅವರ ಕಿವಿಗೆ ಬೀಳುತ್ತದೆ. ಮನೆಯಲ್ಲಿ ಒಲೆ ಹಚ್ಚುವ ಕೆಲಸ ಆ ಒಂದು ರಾತ್ರಿ ತಪ್ಪಿದರೆ ಇಡೀ ಮನೆಯೇ ನಾಟಕಕ್ಕೆ ಬರಬಹುದು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಹಿರಿಯರು ಊಟವನ್ನೂ ಮಾತನ್ನೂ ಒಂದೇ ಗಾದೆಯಲ್ಲಿ ಕಟ್ಟಿಟ್ಟಿದ್ದಾರೆ. ಇನ್ನು ಮುಂದೆ ಯಾವುದೇ ಊರಿನಲ್ಲಿ ರಂಗಮಂದಿರದ ನಕ್ಷೆ ತಯಾರಾಗುವಾಗ ಬಣ್ಣದ ಕೋಣೆ, ಲೈಟಿನ ಕೋಣೆ, ಟಿಕೆಟಿನ ಕಿಂಡಿಯ ಜೊತೆಗೆ ಒಂದು ಒಲೆಗೂ, ಐವತ್ತು ಜನ ಕೂತು ಉಣ್ಣುವ ಜಗಲಿಗೂ ಜಾಗ ಗುರುತು ಮಾಡಲಿ. ನೂರಾರು ಜನರ ಒಲೆಯನ್ನು ಊರಿಂದೂರಿಗೆ ಹೊತ್ತು ನಡೆದ ಕಂಪನಿಯ ಊರಾದ ಗುಬ್ಬಿಯಿಂದಲೇ ಈ ಕೆಲಸ ಶುರುವಾಗಲಿ.